ಪಕ್ಕದ ಮನೆ ಅಜ್ಜಿಯ 1963ರ ನೆನಪು ರೆಕಾರ್ಡ್ ಮಾಡಬೇಕು, ಹೇಗೆ ಶುರು ಮಾಡಲಿ?

ಹೂವರ್‌ನ ಹಾಸನದವಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಅಲಬಾಮಾದಲ್ಲಿ, ಬರ್ಮಿಂಗ್‌ಹ್ಯಾಮ್‌ಗೆ ಅಂಟಿಕೊಂಡಿರುವ ಹೂವರ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇವೆ. ಪಕ್ಕದ ಮನೆಯಲ್ಲಿ ಒಬ್ಬರು ಕಪ್ಪು ಅಮೆರಿಕನ್ ಅಜ್ಜಿ ಇದ್ದಾರೆ. ಎಪ್ಪತ್ತೈದು ದಾಟಿದೆ. ಹೆಸರು ಬರೆಯುವುದಿಲ್ಲ, ಅವರನ್ನು ಕೇಳಿಲ್ಲ. ಇಲ್ಲಿ ಹಿರಿಯ ಹೆಂಗಸರ ಹೆಸರಿಗೆ ಮೊದಲು ‘ಮಿಸ್’ ಸೇರಿಸಿ ಕರೆಯುತ್ತಾರೆ. ನನ್ನ ಮಗಳು ಮಾತ್ರ ಮಾತು ಕಲಿತಾಗಿನಿಂದ ‘ಅಜ್ಜಿ’ ಅಂತಲೇ ಕರೆಯುವುದು. ಈಗ ಅವರ ಮಗ ಫೋನ್ ಮಾಡಿದರೂ ‘ಅಜ್ಜಿ ಹೇಗಿದ್ದಾರೆ’ ಅಂತಲೇ ಕೇಳುತ್ತಾರೆ. ಅಜ್ಜಿ ಹಿತ್ತಲಲ್ಲಿ ಬೆಳೆದ ಕಾಲರ್ಡ್ ಸೊಪ್ಪು ಕೊಡುತ್ತಾರೆ. ನಾನು ಅದರಲ್ಲಿ ಬಸ್ಸಾರು ಮಾಡಿ ಅರ್ಧ ಅವರಿಗೇ ವಾಪಸ್ ಕೊಡುತ್ತೇನೆ. ಹಾಸನದ ನನ್ನ ಅಮ್ಮ ಕೇಳಿದರೆ ಅದನ್ನು ಬಸ್ಸಾರು ಅಂತ ಒಪ್ಪುವುದಿಲ್ಲ, ಆ ಮಾತು ಬೇರೆ.

ವಿಷಯಕ್ಕೆ ಬರುತ್ತೇನೆ. 1963ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಪ್ಪು ಶಾಲೆ ಮಕ್ಕಳು, ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಇಡುವ ಪದ್ಧತಿಯ ವಿರುದ್ಧ ಕ್ಲಾಸು ಬಿಟ್ಟು ಬೀದಿಗಿಳಿದರಲ್ಲ, ಅವರಲ್ಲಿ ಅಜ್ಜಿಯೂ ಒಬ್ಬರು. ಆಗ ಹದಿನಾಲ್ಕು ವರ್ಷ. ಜೈಲು ತುಂಬಿಸುವುದೇ ಹೋರಾಟದ ಉಪಾಯ, ಆದರೆ ದೊಡ್ಡವರು ಜೈಲಿಗೆ ಹೋದರೆ ಮಾರನೇ ದಿನ ಕೆಲಸ ಹೋಗುತ್ತಿತ್ತು, ಮನೆ ಬಾಡಿಗೆ ನಿಲ್ಲುತ್ತಿತ್ತು. ಏಪ್ರಿಲ್ ಮುಗಿಯುವ ಹೊತ್ತಿಗೆ ಜೈಲಿಗೆ ಹೋಗಲು ಜನವೇ ಸಿಗದ ಹಾಗಾಗಿತ್ತು. ಮಕ್ಕಳಿಗಾದರೆ ಕಳೆದುಕೊಳ್ಳಲು ಕೆಲಸ ಇಲ್ಲ ಅಂತ ಹೋರಾಟದ ಮುಖಂಡ ಜೇಮ್ಸ್ ಬೆವೆಲ್ ಅವರನ್ನು ಸಿದ್ಧ ಮಾಡಿದರು. 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇರಿ, ಸಾಲು ಸಾಲಾಗಿ ಹಾಡುತ್ತಾ ಹೊರಗೆ ಬರುವುದು, ಪೊಲೀಸರು ಹಿಡಿದು ವ್ಯಾನಿಗೆ ತುಂಬುವುದು. ವ್ಯಾನು ಸಾಲದೆ ಸ್ಕೂಲ್ ಬಸ್ಸು ತರಿಸಿದರು. ಜೈಲು ತುಂಬಿದ ಮೇಲೆ ಜಾತ್ರೆ ನಡೆಯುವ ಮೈದಾನದಲ್ಲಿ ಕೂಡಿಹಾಕಿದರು.

ಪ್ರತಿ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟುಹಬ್ಬದ ರಜೆ ಹತ್ತಿರ ಬಂದಾಗ ಅಜ್ಜಿಯನ್ನು ಶಾಲೆಗಳಿಗೆ ಕರೆಯುತ್ತಾರೆ. ನಾನು ಮೂರು ಸಲ ಕೇಳಿದ್ದೇನೆ. ಹತ್ತು ನಿಮಿಷದ ಮಾತು. ಹರಿಕಥೆ ದಾಸರ ಹಾಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಅಂತ ಪಕ್ಕಾ ಗೊತ್ತು. ಗುರುವಾರ ಹೊರಟೆವು, ನೀರು ಬಿಟ್ಟರು, ನಾಯಿ ಬಿಟ್ಟರು, ಹಾಡುತ್ತಾ ಜೈಲಿಗೆ ಹೋದೆವು. ಮೂರು ಸಲವೂ ಒಂದು ಪದ ಆಚೀಚೆ ಇಲ್ಲ.

ಕಳೆದ ತಿಂಗಳು ಅವರ ಮನೆ ಪೋರ್ಚಿನಲ್ಲಿ ಕೂತು ಇಬ್ಬರೂ ಬಟರ್ ಬೀನ್ಸ್ ಸುಲಿಯುತ್ತಿದ್ದೆವು. ಅವರೆಕಾಳಿನ ತಮ್ಮನ ಹಾಗಿರುತ್ತೆ. ಸುಮ್ನೆ ಏನೋ ಮಾತಾಡುತ್ತಿದ್ದಾಗ ಅಜ್ಜಿ ಅಂದರು: ‘ಅವತ್ತು ನನ್ನ ಕಾಲಲ್ಲಿದ್ದದ್ದು ಅಕ್ಕನ ಶೂ. ಈಸ್ಟರ್‌ಗೆ ತಂದ ಹೊಸದು. ಕೇಳದೆ ಹಾಕಿಕೊಂಡು ಹೋಗಿದ್ದೆ.’ ಅಷ್ಟೇ. ಮತ್ತೆ ಬೀನ್ಸಿನ ಮಾತಿಗೆ ಹೋದರು. ಇದು ಶಾಲೆಯ ಭಾಷಣದಲ್ಲಿ ಇಲ್ಲವೇ ಇಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥದ್ದು ಇನ್ನೆಷ್ಟು ಇರಬಹುದು ಅಂತ.

ರೆಕಾರ್ಡ್ ಮಾಡಲಾ ಅಂತ ಕೇಳಿದೆ. ಕ್ಯಾಮೆರಾ ಬೇಡ, ದನಿ ಮಾತ್ರ ಆದರೆ ಸರಿ ಅಂದಿದ್ದಾರೆ. ನಾನು ವೃತ್ತಿಯಲ್ಲಿ ಬಿಲ್ಲಿಂಗ್ ಕ್ಲರ್ಕ್, ಇದರ ಗಂಧಗಾಳಿ ಇಲ್ಲ. ಏನು ಕೇಳಬೇಕು, ಯಾವುದರಲ್ಲಿ ರೆಕಾರ್ಡ್ ಮಾಡಬೇಕು, ಆಮೇಲೆ ಎಲ್ಲಿ ಕೊಡಬೇಕು?

ಇನ್ನೊಂದು ಇಕ್ಕಟ್ಟು ಇದೆ. ನಾನು ಓದಿದ ಪ್ರಕಾರ ಮೊದಲ ದಿನ, ಅಂದರೆ ಮೇ 2ರ ಗುರುವಾರ, ಬರೀ ಬಂಧನ. ನೀರಿನ ಪೈಪು, ನಾಯಿ ಎಲ್ಲ ಶುಕ್ರವಾರ, ಪೊಲೀಸು ಮತ್ತು ಅಗ್ನಿಶಾಮಕ ದಳದ ಉಸ್ತುವಾರಿ ಇದ್ದ ಬುಲ್ ಕಾನರ್ ಬಿಡಿಸಿದ್ದು. ಅಜ್ಜಿ ಗುರುವಾರವೇ ಹೋದೆ ಅನ್ನುತ್ತಾರೆ, ನೀರೂ ಬಿತ್ತು ಅನ್ನುತ್ತಾರೆ. ತಿದ್ದಬೇಕಾ, ಬಿಡಬೇಕಾ?

ಓಹಾಯೋ ಗ್ರಂಥಪಾಲ:

ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದೀರಿ ಮೇಡಂ. ನಾನು ಲೈಬ್ರರಿಯಲ್ಲಿ ಇಂಥ ರೆಕಾರ್ಡಿಂಗುಗಳನ್ನು ಪಟ್ಟಿ ಮಾಡುವ ಕೆಲಸದಲ್ಲಿದ್ದೇನೆ. ಎಷ್ಟೋ ಜನ ಕ್ಯಾಸೆಟ್ ತುಂಬಿದ ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಹೋಗುತ್ತಾರೆ. ಯಾರ ದನಿ, ಯಾವ ದಿನ, ಒಪ್ಪಿಗೆ ಇದೆಯಾ, ಒಂದೂ ಗೊತ್ತಿರುವುದಿಲ್ಲ. ಹಾಗಾಗಿ ರೆಕಾರ್ಡ್ ಶುರುವಾದ ತಕ್ಷಣ ನಿಮ್ಮ ಹೆಸರು, ಅವರ ಹೆಸರು, ತಾರೀಕು, ಜಾಗ ನಿಮ್ಮ ಬಾಯಲ್ಲೇ ಹೇಳಿಬಿಡಿ. ಕಾಗದ ಕಳೆದುಹೋದರೂ ದನಿಯೊಳಗೆ ಇರುತ್ತೆ.

ಒಪ್ಪಿಗೆ ಪತ್ರ ಮೊದಲು. ಅವರ ಮಾತಿನ ಹಕ್ಕು ಅವರದು. ಯಾರು ಕೇಳಬಹುದು, ಯಾವಾಗಿನಿಂದ ಕೇಳಬಹುದು ಅನ್ನುವುದನ್ನು ಅವರೇ ಬರೆಸಬೇಕು. ಒಂದು ಭಾಗವನ್ನು ಇಷ್ಟು ವರ್ಷ ಮುಚ್ಚಿಡಿ ಅಂತ ಹೇಳುವುದಕ್ಕೂ ದಾರಿ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲದೆ ಅಂಥ ಮಾತನ್ನು ನುಂಗಿಕೊಂಡುಬಿಡುತ್ತಾರೆ.

ಎಲ್ಲಿ ಕೊಡುವುದು ಅಂದರೆ, ನಿಮ್ಮ ಊರಲ್ಲೇ ಇದೆ. ಆ ಚರ್ಚಿನ ಎದುರಿಗೇ ಬರ್ಮಿಂಗ್‌ಹ್ಯಾಮ್ ಸಿವಿಲ್ ರೈಟ್ಸ್ ಇನ್‌ಸ್ಟಿಟ್ಯೂಟ್. 1992ರಲ್ಲಿ ಶುರುವಾದದ್ದು. ಹೋರಾಟದಲ್ಲಿದ್ದ ನೂರಾರು ಜನರ ಮಾತು ಅವರ ಹತ್ತಿರ ಇದೆ. ಅಜ್ಜಿ ಈಗಾಗಲೇ ಅಲ್ಲಿ ಮಾತಾಡಿದ್ದಾರಾ ಅಂತ ಮೊದಲು ವಿಚಾರಿಸಿ. ಮಾತಾಡಿದ್ದರೂ ನಿಮ್ಮ ಕೆಲಸ ಬಿಡಬೇಡಿ. ಆದರೆ ಅದನ್ನು ಕೇಳಿಕೊಂಡು ಹೋದರೆ, ಹೇಳಿದ್ದನ್ನೇ ಮತ್ತೆ ಹೇಳಿಸುವುದು ತಪ್ಪುತ್ತೆ.

ಸರ್ಕಾರದ ಕಡೆಯಿಂದಲೂ ಆಗಿದೆ. 2009ರಲ್ಲಿ ಇದಕ್ಕೆ ಅಂತಲೇ ಒಂದು ಕಾನೂನು ಬಂತು. ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಸ್ಮಿತ್ಸೋನಿಯನ್ ಸೇರಿ ನೂರಕ್ಕೂ ಹೆಚ್ಚು ಜನರ ಸಂದರ್ಶನ ಮಾಡಿಸಿದವು. ಆನ್‌ಲೈನಲ್ಲಿ ಪುಕ್ಕಟೆ ನೋಡಬಹುದು. ಎರಡು ಮೂರು ನೋಡಿ. ಕೇಳುವವರು ಎಷ್ಟು ಕಮ್ಮಿ ಮಾತಾಡುತ್ತಾರೆ ಅನ್ನುವುದನ್ನು ಗಮನಿಸಿ. 2020ರ ಜುಲೈ 17ರಂದು ಈ ಹೋರಾಟದ ನಾಯಕರಾದ ಜಾನ್ ಲೂಯಿಸ್, ಸಿ.ಟಿ. ವಿವಿಯನ್ ಇಬ್ಬರೂ ಒಂದೇ ದಿನ ತೀರಿಹೋದರು. ಅವರ ಮಾತು ಬೇಕಾದಷ್ಟು ಉಳಿದಿದೆ. ಅವರ ಹಿಂದೆ ಸಾಲಿನಲ್ಲಿ ನಡೆದವರದ್ದು ಅಷ್ಟಿಲ್ಲ.

ಪ್ರಶ್ನೆ ಬಗ್ಗೆ ಒಂದೇ ಮಾತು. ‘ಹೋರಾಟದ ಬಗ್ಗೆ ಹೇಳಿ’ ಅಂದರೆ ಶಾಲೆಯ ಭಾಷಣ ಬರುತ್ತೆ. ‘ಬೆಳಗ್ಗೆ ಏನು ತಿಂದಿರಿ, ಬಾಗಿಲು ತೆಗೆದದ್ದು ಯಾರು’ ಅಂತ ಕೇಳಿ.

ಮೈಕ್ ಮಾಮ:

ಟೆಕ್ನಿಕಲ್ ವಿಷಯ ನಂಗೆ ಬಿಡಿ. ದನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯುಎವಿ ಫೈಲು, 48 ಕಿಲೋಹರ್ಟ್ಸ್, 24 ಬಿಟ್. ಎಂಪಿ3ಯಲ್ಲಿ ಮಾಡಿ ಆಮೇಲೆ ದೊಡ್ಡದು ಮಾಡಿದರೆ ಕಳೆದುಹೋದದ್ದು ವಾಪಸ್ ಬರಲ್ಲ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತೆ, ಆಗಲಿ. ಒಂದು ಸಾಧಾರಣ ರೆಕಾರ್ಡರ್, ಒಂದು ಕಾಲರ್ ಮೈಕ್ ಸಾಕು. ಫೋನಲ್ಲೇ ಮಾಡುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅಳುವ ಜಾಗಕ್ಕೆ ಸರಿಯಾಗಿ ಇನ್ಶೂರೆನ್ಸ್‌ನವರ ಫೋನ್ ಬರುತ್ತೆ, ಗ್ಯಾರಂಟಿ.

ಅಡುಗೆಮನೆಯಲ್ಲಿ ಕೂರುವುದಾದರೆ ಫ್ರಿಜ್ ಆಫ್ ಮಾಡಿ. ಅದರ ಗುಂಯ್ ಅನ್ನೋದು ನಮಗೆ ಕೇಳಿಸಲ್ಲ, ಮೈಕಿಗೆ ಕೇಳಿಸುತ್ತೆ. ಆಫ್ ಮಾಡಿದ ಮೇಲೆ ನಿಮ್ಮ ಕಾರಿನ ಕೀ ಫ್ರಿಜ್ ಒಳಗಿಟ್ಟುಬಿಡಿ. ಕೀ ತೆಗೆಯದೆ ಮನೆಗೆ ಹೋಗಕ್ಕಾಗಲ್ಲ, ಹಾಗಾಗಿ ಆನ್ ಮಾಡೋದು ಮರೆಯಲ್ಲ. ಇದು ಸೌಂಡ್ ಕೆಲಸದವರ ಹಳೇ ಉಪಾಯ. ಮುಗಿದ ದಿನವೇ ಮೂರು ಕಾಪಿ. ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಸುಮ್ನಿರಲಾರದವ:

ಯಾರೂ ಕೇಳದ ಮಾತು ಕೇಳುತ್ತೇನೆ, ಬೈಯಬೇಡಿ. ಈ ಹೋರಾಟದ ಬಗ್ಗೆ ಪುಸ್ತಕ, ಸಿನಿಮಾ, ಮ್ಯೂಸಿಯಂ ಬೇಕಾದಷ್ಟಿವೆ. ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ನಡುವೆ ನಾವು ಹಾಸನದವರು ಮೈಕ್ ಹಿಡಿದುಕೊಂಡು ಯಾಕೆ? ಅವರ ನೋವು ನಮಗೆ ಸಾಹಿತ್ಯ ಆಗಬಾರದು ಅಲ್ವಾ?

ಹೂವರ್‌ನ ಹಾಸನದವಳು:

ಬೈಯಲ್ಲ. ನಾನೂ ಇದನ್ನೇ ಯೋಚನೆ ಮಾಡಿದ್ದೆ. ಮೊದಲು ಅವರ ಮಗನಿಗೇ ಫೋನ್ ಮಾಡಿದೆ. ನೀವು ಮಾಡಿ, ನಾನು ಸಹಾಯ ಮಾಡುತ್ತೇನೆ ಅಂದೆ. ಅವರು ನಕ್ಕರು. ‘ನಾನು ಕೇಳಿದರೆ ನಿನಗೆ ಎಲ್ಲ ಗೊತ್ತಲ್ಲ ಅನ್ನುತ್ತಾಳೆ. ನಿಮಗೆ ಏನೂ ಗೊತ್ತಿಲ್ಲ. ಅದೇ ಒಳ್ಳೇದು’ ಅಂದರು. ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ.

ಇನ್ನು ‘ನಾವು ಯಾಕೆ’ ಅಂದರಲ್ಲ. 1965ರ ಅಕ್ಟೋಬರಿಗೆ ಮುಂಚೆ ಭಾರತದಿಂದ ಇಲ್ಲಿ ಬಂದು ನೆಲೆಸಲು ವರ್ಷಕ್ಕೆ 100 ಜನಕ್ಕೆ ಕೋಟಾ ಇತ್ತು. ಆ ಹೋರಾಟದ ಬಿಸಿಯಲ್ಲೇ ಬಂದ ಹೊಸ ವಲಸೆ ಕಾನೂನಿನಿಂದ ದೇಶ ನೋಡಿ ಕೋಟಾ ಕೊಡುವ ಪದ್ಧತಿ ಹೋಯಿತು. ನನ್ನ ಗಂಡನ ದೊಡ್ಡಪ್ಪ ಬಂದದ್ದು ಆ ಕಾನೂನಿನ ಮೇಲೆ. ನಾವು ಬಂದದ್ದು ಅವರ ಹಿಂದೆ. ಅಜ್ಜಿಗೆ ಇದನ್ನು ಹೇಳಿದೆ. ‘ಹಾಗಾದರೆ ನನ್ನ ಶೂ ಬಾಕಿ ಕೊಡು’ ಅಂದರು.

ಓಹಾಯೋ ಗ್ರಂಥಪಾಲ:

ಸುಮ್ನಿರಲಾರದವರ ಪ್ರಶ್ನೆ ನಿಜಕ್ಕೂ ಮುಖ್ಯ. ಯಾರು ಕೇಳುತ್ತಾರೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತೆ. 1936ರಿಂದ 1938ರವರೆಗೆ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಅಂತ ಸರ್ಕಾರಿ ಯೋಜನೆಯಲ್ಲಿ, ಗುಲಾಮರಾಗಿ ಹುಟ್ಟಿ ಆಗಿನ್ನೂ ಬದುಕಿದ್ದ 2,300ಕ್ಕೂ ಹೆಚ್ಚು ಜನರ ಮಾತು ಬರೆದುಕೊಂಡರು. ಅದರಲ್ಲಿ ಚಾರ್ಲ್‌ಸ್ಟನ್‌ನ ಸೂಸನ್ ಹ್ಯಾಮ್ಲಿನ್ ಅನ್ನುವ ಅಜ್ಜಿಯನ್ನು ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದರು. ಬಿಳಿ ಹೆಂಗಸು ಕೇಳಿದಾಗ ಯಜಮಾನ ಒಳ್ಳೆಯವನು ಅಂದರು. ಕಪ್ಪು ಗಂಡಸು ಕೇಳಿದಾಗ ಚಾಟಿ ಏಟು, ತಾಯಂದಿರನ್ನು ಮಕ್ಕಳಿಂದ ಬೇರೆ ಮಾಡಿ ಮಾರಿದ್ದು, ಎಲ್ಲ ಹೊರಗೆ ಬಂತು. ಅದೇ ಊರು, ಅದೇ ಅಜ್ಜಿ.

ಬಿಳಿಯವರೂ ಅಲ್ಲದ ಕಪ್ಪೂ ಅಲ್ಲದ ಪಕ್ಕದ ಮನೆಯವರಿಗೆ ಏನು ಹೇಳುತ್ತಾರೋ, ಅದಕ್ಕೂ ಒಂದು ಬೆಲೆ ಇದೆ. ಆದರೆ ನೀವು ಯಾರು, ಅವರಿಗೆ ಏನಾಗಬೇಕು ಅನ್ನುವುದನ್ನು ಫೈಲಿನ ಜೊತೆ ಬರೆದಿಡಿ. ಐವತ್ತು ವರ್ಷ ಆದ ಮೇಲೆ ಕೇಳುವವರಿಗೆ ಅದು ಗೊತ್ತಾಗಬೇಕು.

ಹಾಗೇ ಇನ್ನೊಂದು. ಆ ಹಳೇ ಬರಹಗಳಲ್ಲಿ ಅವರ ಉಚ್ಚಾರಣೆಯನ್ನು ಎಷ್ಟೋ ಕಡೆ ವಕ್ರವಕ್ರವಾಗಿ ಬರೆದಿದ್ದಾರೆ, ಓದಿದರೆ ಗೇಲಿ ಮಾಡಿದ ಹಾಗಿದೆ. ಈಗ ಕಂಪ್ಯೂಟರಿನಿಂದ ಬರೆಸಿದರೆ ಉಲ್ಟಾ ತೊಂದರೆ, ಎಲ್ಲವನ್ನೂ ಇಸ್ತ್ರಿ ಹಾಕಿ ಮಡಚಿಡುತ್ತೆ. ಬರೆದದ್ದನ್ನು ಅಜ್ಜಿಯ ಕೈಗೇ ಕೊಟ್ಟು ಓದಿಸಿ.

ಶಿಕಾರಿಪುರದ ಮೇಷ್ಟ್ರು:

ಗುರುವಾರ ಶುಕ್ರವಾರದ ವಿಷಯ ಹೇಳುತ್ತೇನೆ ತಾಯಿ. ನನ್ನ ತಪ್ಪಿನಿಂದ ಕಲಿಯಿರಿ.

ಎಂಬತ್ತರ ದಶಕದಲ್ಲಿ ಈಸೂರಿನ ಕಡೆಯ ಹಿರಿಯರೊಬ್ಬರನ್ನು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಲು ಕೂತಿದ್ದೆ. 1942ರ ಚಳವಳಿ ಕಣ್ಣಾರೆ ಕಂಡವರು. ಚೆನ್ನಾಗಿ ಹೇಳುತ್ತಿದ್ದರು. ಒಂದು ಕಡೆ ತಿಂಗಳು ತಪ್ಪು ಹೇಳಿದರು. ನಾನು ಹುಡುಗುಮೇಷ್ಟ್ರು, ಪುಸ್ತಕ ಓದಿಕೊಂಡು ಹೋಗಿದ್ದೆ. ‘ಇಲ್ಲ ಅಜ್ಜ, ಅದು ಸೆಪ್ಟೆಂಬರು’ ಅಂದೆ. ‘ಹೌದಾ, ನಿಮಗೇ ಗೊತ್ತಿದೆಯಲ್ಲ’ ಅಂತ ಎಲೆಗೆ ಸುಣ್ಣ ಹಚ್ಚಿದವರು ಆಮೇಲೆ ಬಾಯಿ ಬಿಡಲೇ ಇಲ್ಲ. ಆ ಕ್ಯಾಸೆಟ್ಟಿನ ಉಳಿದ ಭಾಗದಲ್ಲಿ ಹೊರಗೆ ಎತ್ತಿನ ಗಂಟೆ ಸದ್ದು ಮಾತ್ರ ಇದೆ.

ತಾರೀಕು ಪೇಪರಿನಲ್ಲಿ ಸಿಗುತ್ತೆ. ಅವರು ಯಾಕೆ ಗುರುವಾರ ಅನ್ನುತ್ತಾರೆ ಅನ್ನುವುದು ಅವರಲ್ಲಿ ಮಾತ್ರ ಸಿಗುತ್ತೆ. ಶೂ ಬಗ್ಗೆ ಕೇಳಿ. ಗುರುವಾರದ ಬಗ್ಗೆ ಕೇಳಬೇಡಿ.

ಸುಮ್ನಿರಲಾರದವ:

ಮೇಷ್ಟ್ರ ಮಾತು ಒಪ್ಪಿದೆ. ಈಗ ಸುಮ್ಮನಿರುತ್ತೇನೆ.

ಹೂವರ್‌ನ ಹಾಸನದವಳು:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಹೋದ ಶನಿವಾರ ಅವರ ಅಡುಗೆಮನೆಯಲ್ಲಿ ಕೂತೆವು. ಫ್ರಿಜ್ ಆಫ್ ಮಾಡಿ ಕೀ ಒಳಗಿಟ್ಟೆ, ಬೆಣ್ಣೆ ಡಬ್ಬದ ಮೇಲೆ. ಅಜ್ಜಿ ನೋಡಿ, ಹುಚ್ಚಾ ನಿನಗೆ ಅನ್ನುವ ಹಾಗೆ ಮುಖ ಮಾಡಿದರು. ಕಾರಣ ಹೇಳಿದ ಮೇಲೆ ನಕ್ಕರು, ಆ ನಗು ರೆಕಾರ್ಡಿನಲ್ಲಿ ಮೊದಲಿಗೇ ಇದೆ. ಒಂದು ಗಂಟೆ ನಲವತ್ತು ನಿಮಿಷ ಆಯಿತು.

ಮೊದಲ ಹದಿನೈದು ನಿಮಿಷ ಭಾಷಣವೇ ಬಂತು. ನಾನು ತಡೆಯಲಿಲ್ಲ, ಅದೂ ಇರಲಿ ಅಂತ ಬಿಟ್ಟೆ. ಮುಗಿದ ಮೇಲೆ ಕೇಳಿದೆ, ಶೂ ಯಾವ ಬಣ್ಣ? ಬಿಳಿ, ಪಕ್ಕಕ್ಕೆ ಬಕಲ್ ಅಂದರು. ಅಕ್ಕನ ಕಾಲು ಒಂದು ಸೈಜು ದೊಡ್ಡದು, ಮುಂದೆ ಪೇಪರು ತುರುಕಿದ್ದರಂತೆ. ನೀರು ಬಿದ್ದಾಗ ಪೇಪರು ನೆನೆದು ಬೆರಳ ಸಂದಿಯಲ್ಲಿ ಮುದ್ದೆಯಾಯಿತು. ಆರು ದಿನ ಜಾತ್ರೆ ಮೈದಾನದಲ್ಲಿ ಅದೇ ಶೂ. ಒಂದು ಕಾಲುಚೀಲದೊಳಗೆ ಹಲ್ಲುಜ್ಜುವ ಬ್ರಷ್ ಇತ್ತು. ಶೆಲ್ಲಿ ಸ್ಟೀವರ್ಟ್ ಅಂತ ರೇಡಿಯೋ ಡಿಜೆ, ಪಾರ್ಕಿನಲ್ಲಿ ಪಾರ್ಟಿ ಇದೆ, ಬ್ರಷ್ ತನ್ನಿ ಅಂತ ಗುಟ್ಟು ಭಾಷೆಯಲ್ಲಿ ಹೇಳಿದ್ದು ಬೇರೆಯವರು ಹೇಳಿದ್ದನ್ನು ನಾನೂ ಓದಿದ್ದೆ. ಆದರೆ ಅಜ್ಜಿಯ ಬ್ರಷ್ ಅವರೊಬ್ಬರದ್ದಲ್ಲ, ಮನೆಯಲ್ಲಿ ಮೂವರು ಹೆಣ್ಣುಮಕ್ಕಳಿಗೆ ಇದ್ದದ್ದೇ ಎರಡು ಬ್ರಷ್. ‘ಒಂದನ್ನು ನಾನು ಜೈಲಿಗೆ ತಗೊಂಡು ಹೋದೆ, ಅವರು ಆರು ದಿನ ಏನು ಮಾಡಿದರೋ’ ಅಂದರು.

ಆಮೇಲೆ ಅಮ್ಮನ ವಿಷಯ ಬಂತು. ಅವರ ಅಮ್ಮ ಒಂದು ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದರು. ಮಗಳು ಒಳಗಿದ್ದಾಗಲೂ ಕೆಲಸಕ್ಕೆ ಹೋದರು. ಆ ಮನೆಯೊಡತಿ ‘ನಿನ್ನ ಹುಡುಗಿ ಈ ಗಲಾಟೆಯಲ್ಲಿ ಇಲ್ಲ ತಾನೇ’ ಅಂತ ಕೇಳಿದಳಂತೆ. ಅಮ್ಮ ಆ ಮನೆ ಹುಡುಗನ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. ‘ಇಲ್ಲಮ್ಮ, ಅವಳಿಗೆ ಜ್ವರ, ಮನೆಯಲ್ಲಿ ಮಲಗಿದ್ದಾಳೆ’ ಅಂದರು. ಅಂದು ಮುಗಿಸಿ ಕಾಲರನ್ನು ಇನ್ನೊಂದು ಸಲ ಒತ್ತಿದರು. ಮನೆಯಲ್ಲಿ ಸುಳ್ಳಿಗೆ ಏಟು ಬೀಳುತ್ತಿತ್ತು. ಅಂಥ ಅಮ್ಮ. ಇದನ್ನು ಅವರು ಮಗಳಿಗೆ ಹೇಳಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ಆಸ್ಪತ್ರೆಯಲ್ಲಿ. ಅಜ್ಜಿ ಅಡುಗೆಮನೆ ಮೇಜಿನ ಮೇಲೆ ಬರಿಗೈಯಲ್ಲಿ ಇಸ್ತ್ರಿ ಹಾಕಿ ತೋರಿಸಿದರು. ದನಿ ಮಾತ್ರ ಸಾಕು ಅಂದಿದ್ದೆವಲ್ಲ, ರೆಕಾರ್ಡಿನಲ್ಲಿ ಬರೀ ಸರ್ ಸರ್ ಅನ್ನುವ ಸದ್ದಿದೆ. ಅದು ಏನು ಅಂತ ನಾನು ಕಾಗದದಲ್ಲಿ ಬರೆದಿಟ್ಟಿದ್ದೇನೆ.

ಮೇಷ್ಟ್ರೇ, ಗುರುವಾರದ ಬಗ್ಗೆ ನಾನು ಕೇಳಲಿಲ್ಲ. ಶೂ ಒದ್ದೆಯಾದ ಮಾತು ಬಂದ ಮೇಲೆ ಅವರೇ ಸ್ವಲ್ಪ ಹೊತ್ತು ಸುಮ್ಮನಿದ್ದು, ಗುರುವಾರ ಏನಾಯಿತು ಅಂತ ಹೇಳಿದರು. ಆ ಏಳು ನಿಮಿಷವನ್ನು ತಾವು ಇರುವ ತನಕ ಯಾರೂ ಕೇಳಬಾರದು ಅಂತ ಒಪ್ಪಿಗೆ ಪತ್ರದಲ್ಲಿ ಬರೆಸಿದ್ದಾರೆ. ಹಾಗಾಗಿ ಇಲ್ಲೂ ಬರೆಯಲ್ಲ. ಮಿಕ್ಕದ್ದನ್ನು ಹೆಸರಿಲ್ಲದೆ ಹಾಕಬಹುದು ಅಂದಿದ್ದಾರೆ. ಆ ಏಳು ನಿಮಿಷವನ್ನು ಬೇರೆ ಫೈಲು ಮಾಡಬೇಕಾ, ಒಂದೇ ಫೈಲಿನಲ್ಲಿ ಇಟ್ಟು ಗುರುತು ಹಾಕಬೇಕಾ, ಗ್ರಂಥಪಾಲರೇ ಹೇಳಿ.

ಕಂಪ್ಯೂಟರಿನಿಂದ ಬರೆಸಿದ್ದೂ ಆಯಿತು. ನೀವು ಹೇಳಿದ್ದು ನಿಜ. ಅಜ್ಜಿ ‘ಹೋಸ್’ (ನೀರಿನ ಪೈಪು) ಅಂದ ಕಡೆಯೆಲ್ಲ ಅದು ‘ಹೌಸ್’ ಅಂತ ಬರೆದಿತ್ತು. ನಮ್ಮ ಮೇಲೆ ಮನೆ ಬಿಟ್ಟರು, ಮನೆಯ ರಭಸಕ್ಕೆ ಗೋಡೆಗೆ ಬಿದ್ದೆವು, ಹೀಗೆ. ಪ್ರಿಂಟ್ ಕೊಟ್ಟೆ. ಕನ್ನಡಕ ಹಾಕಿಕೊಂಡು, ಕೆಂಪು ಪೆನ್ಸಿಲ್ ಹಿಡಿದು ಒಂದೊಂದೇ ತಿದ್ದಿದರು. ಅಮ್ಮ ಸುಳ್ಳು ಹೇಳಿದ ಸಾಲನ್ನು ಹೊಡೆದು ಹಾಕಿದರು. ಕಾಫಿ ಕುಡಿದು ಬಂದು ಅದನ್ನೇ ಮತ್ತೆ ಪಕ್ಕದಲ್ಲಿ ತಮ್ಮ ಕೈಯಲ್ಲಿ ಬರೆದರು.

ಅಕ್ಕ ಶಿಕಾಗೋದಲ್ಲಿದ್ದಾರೆ, ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಲಾ ಅಂತ ಕೇಳಿದೆ. ಕೂರಿಸು ಅಂದರು. ಆದರೆ ಶೂ ಹೋದದ್ದು ಹೇಗೆ ಅಂತ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲವಂತೆ, ಪಕ್ಕದ ಮನೆ ನಾಯಿ ಕಚ್ಚಿಕೊಂಡು ಹೋಯಿತು ಅಂತ ನಂಬಿದ್ದಾರಂತೆ. ಅದನ್ನು ಮೈಕ್ ಹಾಕುವ ಮುಂಚೆ ಹೇಳಲಾ, ಹಾಕಿದ ಮೇಲೆ ಹೇಳಲಾ ಅಂತ ಅಜ್ಜಿ ನನ್ನನ್ನೇ ಕೇಳುತ್ತಿದ್ದಾರೆ.

ಓಹಾಯೋ ಗ್ರಂಥಪಾಲ:

ಮೂಲ ಫೈಲಿಗೆ ಕತ್ತರಿ ಹಾಕಬೇಡಿ. ಪೂರ್ತಿ ಫೈಲು ಮುಚ್ಚಿಟ್ಟಿರಲಿ, ಏಳು ನಿಮಿಷ ತೆಗೆದ ಕಾಪಿಯನ್ನು ಬೇರೆ ಮಾಡಿ ಕೇಳುವವರಿಗೆ ಕೊಡಿ. ಎರಡಕ್ಕೂ ಹೆಸರಿನಲ್ಲೇ ವ್ಯತ್ಯಾಸ ಗೊತ್ತಾಗುವ ಹಾಗಿರಲಿ. ಕೆಂಪು ಪೆನ್ಸಿಲ್ ಹಾಕಿದ ಪ್ರಿಂಟನ್ನು ಎಸೆಯಬೇಡಿ, ಅದನ್ನೂ ಕೊಡಿ.

ಮೈಕ್ ಮಾಮ:

ಹಾಕಿದ ಮೇಲೆ. ಇಬ್ಬರಿಗೂ ಒಂದೊಂದು ಮೈಕ್ ಇರಲಿ. ಅಕ್ಕನ ಮೈಕ್ ಲೆವೆಲ್ ಸ್ವಲ್ಪ ಕಮ್ಮಿ ಇಟ್ಟುಕೊಳ್ಳಿ.